‘ಜೀವಹಾನಿ ಇಲ್ಲ’ ಎಂದು ಬರೆಯುವ ಮುನ್ನ ಕೆರೆಗೆ ಕಿವಿ ಕೊಡಿ

“ಜೀವಹಾನಿ ಏನಾದ್ರೂ ಆಗಿದೆಯೇನ್ರೀ?”

ಬೆಳಗ್ಗೆ ಏಳು ಗಂಟೆಗೆ ಕೆರೆ ಏರಿಯ ಮೇಲೆ ನಿಂತು ಫೋಟೊ ಕಳಿಸಿದಾಗ ಡೆಸ್ಕ್‌ನಿಂದ ಬಂದ ಮೊದಲ ಪ್ರಶ್ನೆ ಇದು. ಹಿಂದಿನ ರಾತ್ರಿ ಯಾರೋ ಕೆರೆಗೆ ತೋಟೆ ಹಾಕಿದ್ದರು. ಕೆರೆಯ ಹೆಸರು, ಪತ್ರಿಕೆಯ ಹೆಸರು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಘಾಟಿ ಸುಬ್ರಹ್ಮಣ್ಯದಿಂದ ಬೈಕಿನಲ್ಲಿ ಹೋಗಿ ಬರುವಷ್ಟು ದೂರದ ಕೆರೆ ಎಂದರೆ ಸಾಕು.

ದಡದ ಜೊಂಡಿನಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡವನ್ನು ರಾತ್ರಿಯೇ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. “ಮನುಷ್ಯರಿಗೇನೂ ಆಗಿಲ್ಲ ಸಾರ್, ಮೀನು ಸತ್ತಿವೆ” ಎಂದೆವು. “ಹಾಗಾದ್ರೆ ಜೀವಹಾನಿ ಇಲ್ಲ ಅಂತಾಯ್ತು. ಜಾಗ ಇದ್ರೆ ನೋಡೋಣ” ಎಂದು ಫೋನ್ ಇಟ್ಟರು. ಮರುದಿನ ಪತ್ರಿಕೆಯಲ್ಲಿ ಜಾಗ ಇರಲಿಲ್ಲ.

ಡೆಸ್ಕಿನವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ‘ಅದೃಷ್ಟವಶಾತ್ ಯಾವುದೇ ಜೀವಹಾನಿ ಸಂಭವಿಸಿಲ್ಲ’ ಎಂಬ ಸಾಲನ್ನು ನಾವೇ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಕೊಟ್ಟಿಗೆಗೆ ಬೆಂಕಿ ಬಿದ್ದು ಮೇಕೆಗಳು ಸತ್ತಾಗಲೂ ಬರೆದಿದ್ದೇವೆ. ಆದರೆ ಮೇಕೆ ಸತ್ತರೆ ಕನಿಷ್ಠ ‘ಮೂಕಪ್ರಾಣಿಗಳ ದಾರುಣ ಸಾವು’ ಎಂದು ತಲೆಬರಹ ಸಿಗುತ್ತದೆ. ಮೀನಿಗೆ ಅದೂ ಇಲ್ಲ. ಮೀನು ಮೂಕರಲ್ಲೇ ಮೂಕ ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೇವೆ. ಕೂಗಲಿಲ್ಲ, ಹಾಗಾಗಿ ನೋಯಲಿಲ್ಲ. ನೋಯಲಿಲ್ಲ, ಹಾಗಾಗಿ ಅಪರಾಧವೂ ಆಗಲಿಲ್ಲ.

ಈ ತೀರ್ಮಾನ ಸುಳ್ಳು. ಮೀನು ಮೂಕವಲ್ಲ. ಆ ಸುಳ್ಳನ್ನು ನಂಬಿಕೊಂಡಿರುವುದರಿಂದ ಕೆರೆಗೆ ತೋಟೆ ಹಾಕುವವನಿಗೆ ಅನುಕೂಲವೇ ಹೊರತು ಊರಿಗೆ ಏನೂ ಇಲ್ಲ.

ಟವೆಲ್ ಕೆಳಗಿನ ಮಾತು

ಘಾಟಿಯ ದನಗಳ ಜಾತ್ರೆಗೆ ಹೋದವರಿಗೆ ಈ ದೃಶ್ಯ ಗೊತ್ತು. ಮಾರುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ. ನಡುವೆ ಇಬ್ಬರ ಕೈ ಮುಚ್ಚುವ ಹಾಗೆ ಒಂದು ಟವೆಲ್. ಕೆಳಗೆ ಬೆರಳು ಹಿಡಿದು ಒತ್ತುತ್ತಾರೆ. ಒಂದು ಬೆರಳಿಗೆ ಒಂದು ಲೆಕ್ಕ, ಮೂರಕ್ಕೆ ಇನ್ನೊಂದು. ಬಾಯಲ್ಲಿ ಒಂದು ಮಾತಿಲ್ಲ. ಪಕ್ಕದಲ್ಲೇ ನಿಂತ ನಮಗೆ ಏನೂ ತಿಳಿಯುವುದಿಲ್ಲ. ಕೊನೆಗೆ ಟವೆಲ್ ತೆಗೆದು ನಗುತ್ತಾರೆ. ಎತ್ತಿನ ಜೋಡಿ ಕೈ ಬದಲಾಗಿರುತ್ತದೆ.

ಅವರಿಬ್ಬರೂ ಮೂಕರು ಎಂದು ಯಾರಾದರೂ ಹೇಳುತ್ತಾರೆಯೇ? ಮಾತು ನಡೆದಿದೆ. ನಮಗೆ ಕಾಣದ ಹಾಗೆ ನಡೆದಿದೆ, ಅಷ್ಟೆ.

ಮೀನಿನ ವಿಷಯವೂ ಹಾಗೆಯೇ. ಅದಕ್ಕೆ ನಮ್ಮಂಥ ಗಂಟಲಿಲ್ಲ, ಶ್ವಾಸಕೋಶದಿಂದ ಗಾಳಿ ತಳ್ಳಿ ದನಿ ತೆಗೆಯುವ ವ್ಯವಸ್ಥೆ ಇಲ್ಲ. ಹಾಗಾಗಿ ಬಾಯಿ ನೋಡಿದವರು ‘ಮಾತಿಲ್ಲ’ ಎಂದರು. ಆದರೆ ಬಾಯಿಯನ್ನೇ ಯಾಕೆ ನೋಡಬೇಕು? ಮಿಡತೆ ಬಾಯಿಂದ ಕಿರಗುಟ್ಟುತ್ತದೆಯೇ? ಜೀರುಂಡೆಗೆ ಗಂಟಲಿದೆಯೇ? ಅವುಗಳ ಸದ್ದನ್ನು ನಾವು ಸದ್ದು ಎಂದೇ ಒಪ್ಪುತ್ತೇವೆ. ಮೀನಿನ ಸರದಿ ಬಂದಾಗ ಮಾತ್ರ ಬಾಯಿ ಎಲ್ಲಿ ಎಂದು ಕೇಳುತ್ತೇವೆ.

ಗಾಳಕ್ಕೆ ಸಿಕ್ಕ ಮೀಸೆ ಮೀನು

ಇದಕ್ಕೆ ಲ್ಯಾಬು, ಪ್ರೊಫೆಸರು ಯಾರೂ ಬೇಕಿಲ್ಲ. ಕೆರೆಯಲ್ಲಿ ಗಾಳ ಹಾಕಿ ಗಿರ್ಲು ಜಾತಿಯ ಮೀಸೆ ಮೀನು ಹಿಡಿದವರನ್ನು ಕೇಳಿ. ಗಾಳದಿಂದ ಬಿಡಿಸಲು ಮುಷ್ಟಿಯಲ್ಲಿ ಹಿಡಿದಾಗ ಅದು ಪಕ್ಕದ ಮುಳ್ಳುಗಳನ್ನು ಸೆಟೆದು ‘ಕರ್... ಕರ್...’ ಎನ್ನುತ್ತದೆ. ಸದ್ದು ಕಿವಿಗೆ ಮಾತ್ರವಲ್ಲ, ಹಿಡಿದ ಕೈಗೂ ತಿಳಿಯುತ್ತದೆ. ಚಿಕ್ಕವರಿದ್ದಾಗ ನಾವು ಹೆದರಿ ಮೀನು ಕೈಬಿಟ್ಟಿದ್ದೇವೆ.

ಆ ಸದ್ದು ಬರುವುದು ಹೀಗೆ. ಎದೆಯ ರೆಕ್ಕೆಯ ಮುಂದಿನ ಗಟ್ಟಿ ಮುಳ್ಳಿನ ಬುಡದಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಮುಳ್ಳನ್ನು ಆಡಿಸಿದಾಗ ಆ ಗೀರುಗಳು ಭುಜದ ಮೂಳೆಯ ಗುಳಿಗೆ ಉಜ್ಜುತ್ತವೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದರೆ ಬರುವ ಸದ್ದಿನ ಹಾಗೆ. ಶತ್ರು ಹಿಡಿದಾಗ ‘ಬಿಡು’ ಎನ್ನಲು ಇದು ಬಳಕೆಯಾಗುತ್ತದೆ. ಹಲವು ಮೀಸೆ ಮೀನುಗಳು ತಮ್ಮತಮ್ಮಲ್ಲಿ ಜಗಳವಾಡುವಾಗಲೂ ಬಳಸುತ್ತವೆ.

ಇದು ಒಂದು ದಾರಿ. ಇನ್ನೊಂದು ದಾರಿ ಇನ್ನೂ ದೊಡ್ಡದು. ಮೀನು ಹೆಚ್ಚುವಾಗ ಹೊಟ್ಟೆಯೊಳಗೆ ಬಿಳಿ ಬಲೂನಿನಂಥ ಚೀಲ ಸಿಗುತ್ತದಲ್ಲ, ಮಕ್ಕಳು ಪಟ್ ಎನ್ನಿಸಿ ಒಡೆಯುವುದು, ಅದೇ ಗಾಳಿಚೀಲ. ಮೀನು ನೀರಿನಲ್ಲಿ ಮುಳುಗದೆ, ಮೇಲಕ್ಕೆ ತೇಲಿಬಿಡದೆ ಬೇಕಾದ ಆಳದಲ್ಲಿ ನಿಲ್ಲುವುದು ಅದರಿಂದ. ಬಹಳ ಮೀನುಗಳಲ್ಲಿ ಇದೇ ಚೀಲ ತಮಟೆಯೂ ಹೌದು. ಚೀಲಕ್ಕೆ ಅಂಟಿಕೊಂಡ ಸ್ನಾಯುಗಳು ಅದನ್ನು ಸರಸರ ಎಳೆದು ಬಿಡುತ್ತವೆ, ಚೀಲ ನಡುಗುತ್ತದೆ, ಸದ್ದು ನೀರಿಗೆ ಹರಡುತ್ತದೆ. ಅಮೆರಿಕದ ಕಡಲಿನ ಟೋಡ್‌ಫಿಶ್ ಎಂಬ ಮೀನಿನ ಈ ಸ್ನಾಯು ಸೆಕೆಂಡಿಗೆ 200 ಸಲದಷ್ಟು ಕುಗ್ಗಿ ಹಿಗ್ಗುತ್ತದೆ. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲೇ ಅತಿ ವೇಗದ ಸ್ನಾಯುಗಳಲ್ಲಿ ಇದೂ ಒಂದು.

ಮಯನ್ಮಾರಿನ ತೊರೆಗಳಲ್ಲಿ ಡೇನಿಯೊನೆಲ್ಲ ಎಂಬ ಮೀನಿದೆ. ಉದ್ದ ಬರೀ 12 ಮಿಲಿಮೀಟರ್, ಭತ್ತದ ಕಾಳಿಗಿಂತ ತುಸು ಉದ್ದ. ಒಂದು ಸ್ನಾಯು ಪಕ್ಕೆಲುಬನ್ನು ಎಳೆದು, ಮೆದುಮೂಳೆಯ ತುಂಡೊಂದನ್ನು ಗಾಳಿಚೀಲಕ್ಕೆ ಬಡಿಸುತ್ತದೆ. ತಮಟೆಗೆ ಕೋಲು ಬಡಿದ ಹಾಗೆಯೇ. ಅದರ ಮೈಯ ಹತ್ತಿರ ಅಳೆದಾಗ ಸದ್ದು 140 ಡೆಸಿಬಲ್ ದಾಟಿತು ಎಂದು 2024ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಇದು ಬೇರೆ ಯಾವುದೋ ಲೋಕದ ಮೀನಲ್ಲ. ನಮ್ಮ ಗೆಂಡೆ, ರೋಹುಗಳ ದೂರದ ನೆಂಟ.

ಇನ್ನು ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯ. ಆಫ್ರಿಕದ ಮೊಜಾಂಬಿಕ್ ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ನಮ್ಮ ನಾಡಿನ ಮೀನುಗಳಿಗೆ ಇದರಿಂದ ತೊಂದರೆಯೇ ಆಯಿತು, ಅದು ಬೇರೆ ಮಾತು. ಇದರ ಗಂಡು ಕೆರೆಯಂಚಿನ ತೆಳು ನೀರಿನಲ್ಲಿ ಬಾಯಿಂದ ಕೆಸರು ತೋಡಿ ಗುಂಡಿ ಮಾಡುತ್ತದೆ. ಅಲ್ಲಿಗೆ ಹೆಣ್ಣನ್ನು ಒಲಿಸಿ ಕರೆಯುವಾಗ ತಗ್ಗು ದನಿಯ ಗುಡುಗುಡು ಸದ್ದು ಹೊರಡಿಸುತ್ತದೆ. ಪೋರ್ಚುಗಲ್ ದೇಶದ ಸಂಶೋಧಕರು ಇದನ್ನು ರೆಕಾರ್ಡ್ ಮಾಡಿ ತೋರಿಸಿದ್ದಾರೆ. ಮುಂದಿನ ಸಲ ಕೆರೆಯಂಚಿನಲ್ಲಿ ತಟ್ಟೆಯಗಲದ ಗುಂಡಿಗಳನ್ನು ಕಂಡರೆ ನೆನಪಿರಲಿ: ಅದು ಎಮ್ಮೆ ತುಳಿದದ್ದಾಗಿರಬೇಕಿಲ್ಲ, ಒಂದು ಮದುವೆ ಚಪ್ಪರವೂ ಆಗಿರಬಹುದು.

ನಮಗೇಕೆ ಕೇಳಿಸುವುದಿಲ್ಲ?

“ಅಷ್ಟೆಲ್ಲ ಸದ್ದು ಮಾಡಿದ್ರೆ ನಮಗೆ ಕೇಳಿಸ್ಬೇಕಿತ್ತಲ್ಲ?” ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಮೀನಿನಲ್ಲಿಲ್ಲ, ನೀರಿನ ಮೇಲ್ಮೈಯಲ್ಲಿದೆ.

ನೀರಿನೊಳಗೆ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಗಾಳಿಯಲ್ಲಿ ಸುಮಾರು 340 ಮೀಟರ್ ಮಾತ್ರ. ನೀರು ಮತ್ತು ಗಾಳಿ ಸೇರುವ ಗಡಿಗೆ ಬಂದ ಸದ್ದಿನ ಬಹುಪಾಲು ಅಲ್ಲಿಂದ ಹಿಂದಕ್ಕೆ ಪುಟಿಯುತ್ತದೆ. ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ದಾಟುತ್ತದೆ. ಅಂದರೆ ಕೆರೆಯ ನೀರಿನ ಮೇಲೆ ಸದ್ದಿಗೆ ಒಂದು ಬಾಗಿಲು ಹಾಕಿದ ಹಾಗೆ. ಒಳಗಿನವರದು ಒಳಗೆ, ಹೊರಗಿನವರದು ಹೊರಗೆ.

ಬಾವಿಯಲ್ಲಿ ಈಜು ಕಲಿತವರಿಗೆ ಇದು ಆಟದಲ್ಲೇ ಗೊತ್ತಾಗಿರುತ್ತದೆ. ಒಬ್ಬ ನೀರೊಳಗೆ ಎರಡು ಕಲ್ಲು ತಗೊಂಡು ಕುಟ್ಟುತ್ತಾನೆ. ಮೇಲೆ ಕಟ್ಟೆಯಲ್ಲಿ ಕೂತವನಿಗೆ ಏನೂ ಇಲ್ಲ. ಮುಳುಗಿದವನಿಗೆ ತಲೆಯೊಳಗೇ ಕುಟ್ಟಿದ ಹಾಗೆ ಕೇಳುತ್ತದೆ. ನಾವು ಮೀನಿನ ವಿಷಯದಲ್ಲಿ ಕಟ್ಟೆಯ ಮೇಲೆ ಕೂತವರು.

ಘಾಟಿ ದೇವಸ್ಥಾನದ ಗರ್ಭಗುಡಿಯಲ್ಲಿ ಒಂದು ಕನ್ನಡಿ ಇದೆ. ಮುಂದಿನಿಂದ ಕಾಣುವುದು ಸುಬ್ರಹ್ಮಣ್ಯ. ಹಿಂಬದಿಗೆ ಮುಖ ಮಾಡಿದ ನರಸಿಂಹನ ದರ್ಶನ ಆಗಬೇಕಾದರೆ ಹಿಂದೆ ಇಟ್ಟಿರುವ ಆ ಕನ್ನಡಿ ನೋಡಬೇಕು. ಕನ್ನಡಿ ಇಡುವ ಮುನ್ನ ನರಸಿಂಹ ಇರಲಿಲ್ಲ ಎಂದು ಯಾವ ಭಕ್ತನೂ ಹೇಳುವುದಿಲ್ಲ. ನೀರಿನೊಳಗೆ ಇಳಿಬಿಡುವ ಮೈಕು ಅಂಥದೇ ಕನ್ನಡಿ. ಅದಕ್ಕೆ ಹೈಡ್ರೋಫೋನ್ ಎನ್ನುತ್ತಾರೆ. ಅದನ್ನು ಇಳಿಬಿಟ್ಟ ಕಡೆಯಲ್ಲೆಲ್ಲ ನೀರು ಸದ್ದಿನಿಂದ ತುಂಬಿರುವುದು ಗೊತ್ತಾಗಿದೆ.

ಪಕ್ಕದ ಗೋವಾದ ಕಡಲಿನಲ್ಲಿ ಹೀಗೆ ಮೈಕು ಇಳಿಬಿಟ್ಟು ಕೇಳಿದ್ದಾರೆ. ಮೈಮೇಲೆ ಪಟ್ಟೆ ಇರುವ ಟೆರಪಾನ್ ಎಂಬ ಮೀನುಗಳು ಗುಂಪಾಗಿ ದನಿ ಎಬ್ಬಿಸುವುದು ದಾಖಲಾಗಿದೆ. ಇಂಗ್ಲಿಷಿನಲ್ಲಿ ಈ ಮೀನಿನ ಹೆಸರೇ ‘ಗ್ರಂಟರ್’, ಅಂದರೆ ಗುಟುರು ಹಾಕುವುದು. ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಸಿಗುವ ಕ್ರೋಕರ್ ಜಾತಿಯ ಮೀನುಗಳಿಗೂ ಆ ಹೆಸರು ಬಂದದ್ದು ದನಿಯಿಂದಲೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2022ರಲ್ಲಿ ಎಲ್ಲ ದಾಖಲೆ ಸೇರಿಸಿ ನೋಡಿದರು. ಮೀನುಗಳ ಮೂರರಲ್ಲಿ ಎರಡು ಪಾಲು ಜಾತಿಗಳು ಸದ್ದು ಮಾಡುವ ಅಥವಾ ಮಾಡಬಹುದಾದ ಕುಟುಂಬಗಳಿಗೆ ಸೇರಿವೆ ಎಂದರು. ಸದ್ದು ಮಾಡುವ ವಿದ್ಯೆ ಮೀನುಗಳಲ್ಲಿ ಬೇರೆಬೇರೆಯಾಗಿ ಸುಮಾರು 33 ಸಲ ಹುಟ್ಟಿದೆ ಎಂದೂ ಲೆಕ್ಕ ಹಾಕಿದರು.

ಹಾಗಾದರೆ ಇದು ಹೊಸ ಸಂಗತಿಯೇ? ಅಲ್ಲ. 2,300 ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ: ಮೀನಿಗೆ ಶ್ವಾಸಕೋಶವಿಲ್ಲ, ಗಂಟಲಿಲ್ಲ, ಆದರೂ ಕೆಲವು ಮೀನುಗಳು ಸದ್ದು ಮಾಡುತ್ತವೆ, ಕೆಲವು ಕಿವಿರು ಉಜ್ಜಿ, ಕೆಲವು ಹೊಟ್ಟೆಯೊಳಗಿನ ಗಾಳಿಯಿಂದ. ಗೊತ್ತಿದ್ದದ್ದನ್ನು ನಾವು ಮರೆತೆವು, ಅಷ್ಟೆ.

ಮರೆತದ್ದಕ್ಕೆ ದೊಡ್ಡ ದೇಶಗಳೂ ಪೇಚಿಗೆ ಸಿಕ್ಕಿವೆ. 1980ರ ದಶಕದಲ್ಲಿ ಸ್ವೀಡನ್ ದೇಶದ ನೌಕಾಪಡೆಗೆ ಸಮುದ್ರದಲ್ಲಿ ವಿಚಿತ್ರ ಸದ್ದು ಕೇಳತೊಡಗಿತು. ರಷ್ಯಾದ ಜಲಾಂತರ್ಗಾಮಿಯೇ ಬಂದಿದೆ ಎಂದು ವರ್ಷಗಟ್ಟಲೆ ಹುಡುಕಿದರು. 1996ರಲ್ಲಿ ವಿಜ್ಞಾನಿಗಳನ್ನು ಕರೆದು ಸದ್ದು ಕೇಳಿಸಿದಾಗ ಗುಟ್ಟು ಬಯಲಾಯಿತು. ಹೆರಿಂಗ್ ಎಂಬ ಮೀನಿನ ಹಿಂಡು ಹಿಂಬದಿಯಿಂದ ಗಾಳಿಗುಳ್ಳೆ ಬಿಡುತ್ತಿತ್ತು! ಅಮೆರಿಕದ ಸಾಸಲಿಟೊ ಎಂಬ ಊರಿನಲ್ಲಿ ದೋಣಿಮನೆಗಳಲ್ಲಿ ವಾಸಿಸುವವರಿಗೆ ರಾತ್ರಿಯಿಡೀ ಗುಂಯ್ ಎಂಬ ಸದ್ದು. ಚರಂಡಿ ಪಂಪಿನದೋ, ಮಿಲಿಟರಿಯದೋ ಎಂದು ಜಗಳವಾಡಿದರು. ಕೊನೆಗೆ ನೋಡಿದರೆ, ಮಿಡ್‌ಶಿಪ್‌ಮನ್ ಎಂಬ ಗಂಡು ಮೀನುಗಳು ದೋಣಿಯ ಕೆಳಗೆ ಹೆಣ್ಣನ್ನು ಕರೆಯುತ್ತಿದ್ದವು.

ತೋಟೆ ಮೊದಲು ಒಡೆಯುವುದು ಏನನ್ನು?

ಈಗ ನಮ್ಮ ಕೆರೆಗೆ ಬರೋಣ. ಇಷ್ಟೆಲ್ಲ ಹೇಳಿದ್ದು ಇದಕ್ಕಾಗಿಯೇ.

ರೋಹು, ಕಾಟ್ಲಾ, ಮೃಗಾಲ್, ಗೆಂಡೆ, ಮೀಸೆ ಮೀನು. ನಮ್ಮ ಕೆರೆಯ ಮೀನುಗಳಲ್ಲಿ ಬಹಳಷ್ಟು ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಈ ಬಳಗದ ವಿಶೇಷ ಎಂದರೆ ಗಾಳಿಚೀಲದಿಂದ ಒಳಗಿವಿಗೆ ಪುಟ್ಟ ಮೂಳೆಗಳ ಸರಪಳಿ ಇರುವುದು. ಜರ್ಮನಿಯ ವೆಬರ್ 1820ರಲ್ಲಿ ಇವನ್ನು ವಿವರಿಸಿದ್ದರಿಂದ ಅವನ ಹೆಸರಿನಲ್ಲೇ ಕರೆಯುತ್ತಾರೆ. ನೀರಿನಲ್ಲಿ ಸದ್ದು ಬಂದಾಗ ಗಾಳಿಚೀಲ ನಡುಗುತ್ತದೆ. ಆ ನಡುಕವನ್ನು ಈ ಮೂಳೆಗಳು ಕಿವಿಗೆ ಮುಟ್ಟಿಸುತ್ತವೆ. ಹಾಗಾಗಿ ಈ ಮೀನುಗಳ ಕಿವಿ ಬಹಳ ಚುರುಕು. ಎಲ್ಲ ಮೀನೂ ದನಿ ತೆಗೆಯುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ದನಿ ತೆಗೆಯದ ಮೀನೂ ಕೇಳಿಸಿಕೊಳ್ಳುತ್ತದೆ.

ಅಂದರೆ ಆ ಬಿಳಿ ಬಲೂನು ಕೆರೆ ಮೀನಿಗೆ ಮೂರು ಕೆಲಸ ಮಾಡಬಲ್ಲದು. ತೇಲಿಸುವುದು ಒಂದು, ಕೇಳಿಸುವುದು ಎರಡು, ಎಷ್ಟೋ ಜಾತಿಗಳಲ್ಲಿ ಕೂಗಿಸುವುದು ಮೂರು.

ತೋಟೆ ಸಿಡಿದಾಗ ಏನಾಗುತ್ತದೆ? ಒತ್ತಡದ ಅಲೆ ನೀರಿನಲ್ಲಿ ನುಗ್ಗುತ್ತದೆ. ಮೀನಿನ ಮಾಂಸ ಹೆಚ್ಚುಕಡಿಮೆ ನೀರಿನ ಹಾಗೆಯೇ ಇರುವುದರಿಂದ ಅಲೆ ಅದರ ಮೂಲಕ ಹಾದುಹೋಗುತ್ತದೆ. ಆದರೆ ಗಾಳಿ ತುಂಬಿದ ಚೀಲ ಸಿಕ್ಕಿದೊಡನೆ ಅದನ್ನು ಒಮ್ಮೆಲೇ ಅಮುಕಿ ಹಿಗ್ಗಿಸಿ ಹರಿದುಬಿಡುತ್ತದೆ. ಸುತ್ತಲಿನ ಕರುಳು, ಮೂತ್ರಪಿಂಡ ಛಿದ್ರವಾಗುತ್ತವೆ. ಮೀನಿನ ಮೈಯಲ್ಲಿ ಯಾವುದು ಕಿವಿಯೋ, ಯಾವುದು ದನಿಯೋ, ತೋಟೆ ಮೊದಲು ಒಡೆಯುವುದು ಅದನ್ನೇ.

ಚೀಲ ಹರಿದ ಮೀನು ಎಲ್ಲವೂ ತೇಲುವುದಿಲ್ಲ. ತೇಲಿಸುವ ಗಾಳಿಯೇ ಹೋದ ಮೇಲೆ ಎಷ್ಟೋ ಮೀನು ತಳಕ್ಕಿಳಿದು ಕೆಸರಿನಲ್ಲಿ ಕೊಳೆಯುತ್ತವೆ. ತೋಟೆ ಹಾಕಿದವನ ಚೀಲ ಸೇರುವುದು ಸತ್ತದ್ದರಲ್ಲಿ ಒಂದು ಪಾಲು ಮಾತ್ರ. ಬಲೆ ಹಾಕುವವನು ಬಲೆಯ ಕಣ್ಣು ನೋಡಿ ಮರಿಯನ್ನು ಬಿಡುತ್ತಾನೆ. ತೋಟೆಗೆ ಮರಿ ಯಾವುದು, ಮೊಟ್ಟೆ ತುಂಬಿದ ತಾಯಿ ಯಾವುದು ಎಂಬ ಭೇದವಿಲ್ಲ. ಕರೆಂಟ್ ಬಿಟ್ಟು ಹಿಡಿಯುವವರ ಕತೆಯೂ ಇಷ್ಟೆ. ಊರಿನವರು ಒಂದು ವರ್ಷ ತಿನ್ನಬೇಕಾದ ಮೀನನ್ನು ನಾಲ್ಕು ಜನ ಒಂದು ರಾತ್ರಿಯ ಬಾಡೂಟಕ್ಕೆ ಮುಗಿಸುತ್ತಾರೆ.

ಇದು ಕಾನೂನಿಗೆ ಗೊತ್ತಿಲ್ಲದ ವಿಷಯವಲ್ಲ. ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯೇ ಸ್ಫೋಟಕ ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದು ಅಪರಾಧ ಎಂದಿತು. ಅದು ಬರೆದ ಶಿಕ್ಷೆ ಎಷ್ಟು ಗೊತ್ತೇ? ಹೆಚ್ಚೆಂದರೆ ಎರಡು ತಿಂಗಳ ಸಜೆ ಅಥವಾ 200 ರೂಪಾಯಿ ದಂಡ. ಅಂದಿನ 200 ರೂಪಾಯಿ ದೊಡ್ಡ ಮೊತ್ತ. ಇಂದು ಅಷ್ಟಕ್ಕೆ ಒಂದು ಕೆಜಿ ಮೀನು ಬಂದರೆ ಹೆಚ್ಚು. ಅಪರಾಧ ಎಂದು ಬರೆದವರಿಗೂ ಇದು ಚಿಲ್ಲರೆ ಅಪರಾಧ. ಯಾಕೆಂದರೆ ದೂರು ಕೊಡಬೇಕಾದವರು ನೀರಿನೊಳಗಿದ್ದಾರೆ, ಅವರು ‘ಮೂಕರು’.

ದೇವರ ಹೆಸರಿದ್ದರೂ ಮೀನಿಗೆ ರಕ್ಷಣೆ ಸಿಕ್ಕಿಲ್ಲ. ದಕ್ಷಿಣ ಕನ್ನಡದ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದುಷ್ಕರ್ಮಿಗಳು ನದಿಗೆ ವಿಷ ಹಾಕಿದರು. ಭಕ್ತರು ಅಕ್ಕಿ, ಪುರಿ ಹಾಕಿ ಸಾಕಿದ್ದ ದೇವರ ಮೀನುಗಳು ಸಾವಿರಗಟ್ಟಲೆ ಸತ್ತವು. ಊರಿನವರು ಅಲ್ಲಿ ಸತ್ತ ಮೀನುಗಳಿಗೆ ಒಂದು ಸ್ಮಾರಕ ಕಟ್ಟಿದರು. ‘ಜೀವಹಾನಿ’ ಎಂಬ ಪದಕ್ಕೆ ಅರ್ಥ ಗೊತ್ತಿದ್ದ ಊರು ಅದು. ನಮ್ಮ ಕೆರೆ ಮೀನಿಗೆ ಪೂಜೆಯೂ ಇಲ್ಲ, ಸ್ಮಾರಕವೂ ಇಲ್ಲ. ಕನಿಷ್ಠ ಒಂದು ಸುದ್ದಿಯಾದರೂ ಬೇಡವೇ?

ಕೇಳಿಬರುವ ಆಕ್ಷೇಪಗಳು

“ತಿನ್ನೋ ಮೀನಿಗೆ ಇಷ್ಟೆಲ್ಲ ಯಾಕೆ?” ಎಂದು ನಮ್ಮ ಗೆಳೆಯರೇ ಕೇಳುತ್ತಾರೆ. ನಾವೂ ತಿನ್ನುತ್ತೇವೆ, ಸಾರು ಸೊಗಸಾಗಿದ್ದರೆ ಎರಡು ಸಲ ಬಡಿಸಿಕೊಳ್ಳುತ್ತೇವೆ. ತಿನ್ನಬೇಡಿ ಎನ್ನುತ್ತಿಲ್ಲ. ಬೆಸ್ತರ, ಗಂಗಾಮತಸ್ಥರ ಮನೆಗಳು ನಡೆಯುವುದೇ ಮೀನಿನಿಂದ. ಆದರೆ ಬಲೆಗೂ ತೋಟೆಗೂ ವ್ಯತ್ಯಾಸವಿದೆ. ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಮೀನು ಮರಿ ಮಾಡಲಿ ಎಂದು ಮೀನು ಹಿಡಿಯುವವರೇ ಸಹಿಸಿಕೊಂಡ ನಷ್ಟ ಅದು. ತಿನ್ನುವವರಿಗೇ ಮೀನು ಉಳಿಯುವುದು ಹೆಚ್ಚು ಬೇಕು.

“ಹಾಗಾದ್ರೆ ಗಣೇಶನ ಹಬ್ಬದ ಡಿಜೆಗೂ ಮೀನು ಸಾಯ್ತದಾ?” ಎಂದು ಇನ್ನೊಬ್ಬರು ಕೆಣಕುತ್ತಾರೆ. ವಾದಕ್ಕೆ ಅನುಕೂಲ ಎಂದು ಸುಳ್ಳು ಹೇಳುವುದಿಲ್ಲ. ಗಾಳಿಯಲ್ಲಿ ಬರುವ ಡಿಜೆ ಸದ್ದಿನ ಬಹುಪಾಲು ನೀರಿನ ಮೇಲ್ಮೈಯಿಂದಲೇ ವಾಪಸು ಪುಟಿಯುತ್ತದೆ. ಮೀನಿಗೆ ಕಾಟ ಕೊಡುವುದು ನೀರಿನೊಳಗೇ ಹುಟ್ಟುವ ಸದ್ದು. ಆಸ್ಟ್ರೇಲಿಯದ ಹವಳದ ದಿಬ್ಬದ ಬಳಿ 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೋಟಾರು ದೋಣಿಯ ಸದ್ದಿದ್ದಾಗ ಮರಿ ಮೀನುಗಳು ಬೇಟೆ ಮೀನಿನ ಬಾಯಿಗೆ ಸಿಗುವುದು ಎರಡು ಪಟ್ಟಿಗೂ ಹೆಚ್ಚಾಯಿತು. ಗಲಾಟೆಯಲ್ಲಿ ಅಪಾಯ ಬರುವುದೇ ಅವಕ್ಕೆ ತಿಳಿಯಲಿಲ್ಲ. ಡಿಜೆಯಿಂದ ಕಷ್ಟಪಡುವವರು ಊರಿನ ಹಸುಗೂಸು, ಹೃದ್ರೋಗಿಗಳು. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಮೂರನೆಯವರು ಇನ್ನೊಂದು ತುದಿ. ಮೀನು ಮಾತಾಡುತ್ತದೆ ಎಂದೊಡನೆ, ಮೀನು ಮಂತ್ರ ಹೇಳುತ್ತದೆ, ಭವಿಷ್ಯ ನುಡಿಯುತ್ತದೆ ಎಂದು ವಿಡಿಯೊ ಮಾಡಿ ಹಾಕುವವರು. ಅವರಿಂದಲೂ ಮೀನಿಗೆ ಉಪಕಾರವಿಲ್ಲ. ಮೀನಿನ ಸದ್ದಿನಲ್ಲಿ ಇರುವುದು ಸರಳ ಸಂಗತಿಗಳು: ಇದು ನನ್ನ ಜಾಗ, ದೂರ ಹೋಗು, ನಾನಿಲ್ಲಿದ್ದೇನೆ, ಬಾ, ಹಿಡಿದಿದ್ದಾರೆ, ಬಿಡು. ಇಷ್ಟೇ. ಜಾಗ, ಸಂಗಾತಿ, ಜೀವಭಯ. ನಮ್ಮ ಪಂಚಾಯಿತಿ ಕಟ್ಟೆಯ ಮಾತಿನಲ್ಲೂ ಬಹುಪಾಲು ಇದೇ ಅಲ್ಲವೇ?

ಒಂದು ಮಾತು ಒಪ್ಪಿಕೊಳ್ಳಬೇಕು. ದನಿ ಕೇಳಿದವರೆಲ್ಲ ಕರುಣೆ ತೋರುತ್ತಾರೆ ಎಂದೇನಿಲ್ಲ. ಮೆಕ್ಸಿಕೊದ ಕ್ಯಾಲಿಫೋರ್ನಿಯ ಕೊಲ್ಲಿಯಲ್ಲಿ ಕೊರ್ವಿನಾ ಎಂಬ ಮೀನು ಮೊಟ್ಟೆಯಿಡಲು ಲಕ್ಷಗಟ್ಟಲೆ ಸೇರಿ ಕೂಗುವಾಗ ಮೀನುಗಾರರಿಗೆ ದೋಣಿಯ ತಳದಿಂದಲೇ ಸದ್ದು ಕೇಳುತ್ತದೆ. ಆ ಸದ್ದು ಹಿಡಿದೇ ಬಲೆ ಬೀಸುತ್ತಾರೆ. ಕೇಳಿಸಿಕೊಂಡ ಮೇಲೆ ಏನು ಮಾಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಅದಕ್ಕೇ ಕರುಣೆಯ ಮೇಲೆ ಭಾರ ಹಾಕದೆ ನಿಯಮ ಕೇಳುತ್ತಿದ್ದೇವೆ.

ಊರು ಮಾಡಬಹುದಾದದ್ದು

ಕೆರೆಯ ಮೀನು ಪಾಶುವಾರು ಹಕ್ಕು ಹರಾಜಾಗುವಾಗ ಎಲ್ಲರೂ ಕೇಳುವುದು ಮೊತ್ತ ಎಷ್ಟಕ್ಕೆ ಹೋಯಿತು ಎಂದು. ಈ ಸಲ ಷರತ್ತುಗಳನ್ನು ಓದಿ ಹೇಳಿ ಎಂದು ಕೇಳಿ. ತೋಟೆ, ಕರೆಂಟ್, ವಿಷ ಬಳಸಿದರೆ ಹಕ್ಕು ರದ್ದು ಎಂಬ ಮಾತು ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಗ್ರಾಮಸಭೆಯಲ್ಲಿ ಕೈ ಎತ್ತಿ. ಗುತ್ತಿಗೆದಾರನಿಗೂ ಇದು ನಷ್ಟವಲ್ಲ. ಅವನು ದುಡ್ಡು ಕೊಟ್ಟು ಬಿಟ್ಟ ಮರಿಗಳನ್ನೇ ಕಳ್ಳರು ತೋಟೆಯಿಂದ ಕದಿಯುವುದು.

ಮಳೆಗಾಲದ ಹೊಸ ನೀರಿಗೆ ಮೀನು ಎದುರೇರುವ ವಾರಗಳಲ್ಲಿ ಕಾಲುವೆಯ ಬಾಯಿಗೆ ಬಲೆ ಕಟ್ಟುವುದು ಬೇಡ. ಹೂಳೆತ್ತುವುದು ಕೆರೆಗೆ ಒಳ್ಳೆಯದೇ. ಅದನ್ನು ಬೇಸಿಗೆಯಲ್ಲೇ ಮುಗಿಸಿ ಎಂದು ಹೇಳಿ. ಮೀನು ಗುಂಡಿ ತೋಡುವ ಹೊತ್ತಿಗೆ ಅಂಚಿನಲ್ಲಿ ಜೆಸಿಬಿ ಇಳಿಸಬೇಡಿ.

ತೋಟೆಯ ಸದ್ದು ಕೇಳಿದರೆ 112ಕ್ಕೆ ಕರೆ ಮಾಡಿ. ಮೀನಿಗಾಗಿ ಪೊಲೀಸರು ಬರುತ್ತಾರಾ ಎಂದು ಅನುಮಾನವಿದ್ದರೆ ಜಿಲೆಟಿನ್ ಎಂದು ಹೇಳಿ. 2021ರ ಫೆಬ್ರವರಿಯಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು 6 ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಕೆರೆಗೆ ಹಾಕಲು ತಂದ ಕಡ್ಡಿ ಮನೆಯ ಅಟ್ಟದಲ್ಲೋ, ಬೈಕಿನ ಡಿಕ್ಕಿಯಲ್ಲೋ ಇರುತ್ತದೆ. ಅದು ಮೀನಿಗೆ ಮಾತ್ರ ಸಿಡಿಯುತ್ತದೆ ಎಂಬ ಗ್ಯಾರಂಟಿ ಇಲ್ಲ.

ಶಾಲೆಯ ಮೇಷ್ಟರಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಮಕ್ಕಳನ್ನು ಒಮ್ಮೆ ಮೀನು ಹಿಡಿಯುವವರ ಹತ್ತಿರ ಕರೆದುಕೊಂಡು ಹೋಗಿ. ಮೀಸೆ ಮೀನಿನ ‘ಕರ್ ಕರ್’ ಕೇಳಿಸಿ, ವಾಪಸು ನೀರಿಗೆ ಬಿಡಿಸಿ. ‘ಮೂಕಪ್ರಾಣಿ’ ಎಂಬ ಪದವನ್ನು ಆ ಮಕ್ಕಳು ಯೋಚಿಸಿ ಬಳಸುತ್ತಾರೆ.

ಇನ್ನು ನಮ್ಮ ಪಾಲಿನ ಕೆಲಸ. ಇನ್ನು ಮುಂದೆ ಕೆರೆಗೆ ತೋಟೆ ಬಿದ್ದ ಸುದ್ದಿ ಬರೆಯುವಾಗ ‘ಜೀವಹಾನಿ ಇಲ್ಲ’ ಎಂದು ನಾವು ಬರೆಯುವುದಿಲ್ಲ. ಎಷ್ಟು ಮೀನು, ಯಾವ ಜಾತಿ, ಮರಿ ಎಷ್ಟು, ಪಾಶುವಾರು ಯಾರದು, ಠಾಣೆಯಲ್ಲಿ ದೂರು ದಾಖಲಾಯಿತೇ ಎಂದು ಬರೆಯುತ್ತೇವೆ. ಡೆಸ್ಕ್‌ನಲ್ಲಿ ಜಾಗ ಸಿಗದಿದ್ದರೆ ಇಲ್ಲಿ ಬರೆಯುತ್ತೇವೆ. ನಿಮ್ಮ ಕೆರೆಯಲ್ಲಿ ಹಾಗಾದರೆ ಬೆಳಗಾಗುವ ಮುನ್ನ ಫೋಟೊ ತೆಗೆದಿಟ್ಟುಕೊಳ್ಳಿ. ಹದ್ದು, ನಾಯಿ ಬಂದ ಮೇಲೆ ಲೆಕ್ಕ ಸಿಗುವುದಿಲ್ಲ.